ಕೈ ಕಜ್ಜಿ, ಮೂರು ಅಲರ್ಜಿ: ನನ್ನ ಅನುಭವ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ರ ನಂದೊಂದು ಸಣ್ಣ ಸ್ಕಿನ್ ಕ್ಲಿನಿಕ್. ಇಲ್ಲಿಗೆ ಬರುವವರಲ್ಲಿ ಕೈ ಎಕ್ಸಿಮಾ, ಅಂದ್ರೆ ಕೈ ಕಜ್ಜಿ, ತುಂಬಾ, ಅಡಿಕೆ ಸುಲಿಯುವವರು, ದನದ ಹಟ್ಟಿ ಕೆಲಸ, ಪಾತ್ರೆ, ಬಟ್ಟೆ ಅಂತ ದಿನವಿಡೀ ಕೈ ನೀರಲ್ಲೇ ಇರುವ ಹೆಂಗಸರು. ಒಬ್ರು ಅಕ್ಕ ನಾಲ್ಕು ವರ್ಷದಿಂದ ಒದ್ದಾಡ್ತಾ ಇದ್ರು. ಬೆರಳ ಸಂದಿ ಎಲ್ಲ ಬಿರಿದು ನೀರು ಸುರೀತಿತ್ತು. "ಡಾಕ್ಟ್ರೇ, ಅನ್ನ ಕಲಸ್ಲಿಕ್ಕೂ ಆಗುದಿಲ್ಲ" ಅಂದ್ರು.

ಅವಸರದಲ್ಲಿ ಯಾವುದಕ್ಕೆ ಅಲರ್ಜಿ ಅಂತ ನೋಡುವ ಪ್ಯಾಚ್ ಟೆಸ್ಟನ್ನು ಆ ವಾರವೇ ಮಾಡಿದೆ, ಅದು ನನ್ನ ತಪ್ಪು. ಬೆನ್ನಿಗೆ ಸಣ್ಣ ಸಣ್ಣ ಬಟ್ಟಲಲ್ಲಿ ನಿಕಲ್, ಸೆಂಟ್, ರಬ್ಬರ್ ಕೆಮಿಕಲ್, ಆಯಿಂಟ್‌ಮೆಂಟಿನ ಮದ್ದು ಅಂತ ಒಂದೊಂದೇ ಹಚ್ಚಿ 48 ಗಂಟೆ ಬಿಡೋದು. ತೆಗೆದು ನೋಡಿದ್ರೆ 20ರಲ್ಲಿ 11 ಕೆಂಪು! ಕಜ್ಜಿ ಜೋರಿರುವಾಗ ಚರ್ಮ ಮುಟ್ಟಿದ್ದಕ್ಕೆಲ್ಲ ಸಿಟ್ಟಾಗ್ತದೆ, ಇಲ್ಲದ ಅಲರ್ಜಿಯನ್ನೂ ತೋರಿಸ್ತದೆ. ಆ ಪಟ್ಟಿ ಕೊಟ್ಟು ಕಳಿಸಿದ್ರೆ ಅವರ ಬದುಕೇ ಕಷ್ಟ ಆಗ್ತಿತ್ತು.

ಮೊದಲು ಕೈ ಶಾಂತ ಮಾಡಿದೆ, ಸ್ಟೀರಾಯ್ಡ್ ಮಾತ್ರೆ ನಿಲ್ಲಿಸಿ ಬೆನ್ನು ಕ್ಲಿಯರ್ ಆದ ಮೇಲೆ ಜನವರಿಯಲ್ಲಿ ಪುನಃ ಹಚ್ಚಿದೆ, ನಮ್ಮಲ್ಲಿ ಏಪ್ರಿಲ್ ಬೆವರಿಗೂ ಜುಲೈ ಮಳೆಗೂ ಟೇಪ್ ನಿಲ್ಲುದಿಲ್ಲ. ಸೋಮವಾರ ಹಚ್ಚಿದ್ದು, ಬುಧವಾರ ತೆಗೆದು ಒಂದು ಗಂಟೆ ಕೂರಿಸಿ ನೋಡಿದಾಗ ನಿಕಲ್ ಲೋಹ ಹಚ್ಚಿದ ಜಾಗ ಮಾತ್ರ ಕೆಂಪಾಗಿ ಗಟ್ಟಿ. ಶುಕ್ರವಾರ ಥೈಯುರಾಮ್ ಕೂಡ ಕೆಂಪಾಯ್ತು, ಅಂದ್ರೆ ಗ್ಲೌಸಿನ ರಬ್ಬರ್ ಹದ ಮಾಡ್ಲಿಕ್ಕೆ ಹಾಕುವ ಕೆಮಿಕಲ್. ಅಲ್ಲಿಗೆ ಮುಗಿಸ್ಬಹುದಿತ್ತು, ಆದ್ರೂ ಮುಂದಿನ ಸೋಮವಾರ ಬನ್ನಿ ಅಂದೆ. ಬಂದ್ರು, ಗಾಯದ ಟ್ಯೂಬಲ್ಲಿರುವ ಆ್ಯಂಟಿಬಯೋಟಿಕ್ ನಿಯೋಮೈಸಿನ್ ಹಚ್ಚಿದ, ಅದುವರೆಗೆ ಏನೂ ಇಲ್ಲದ ಜಾಗದಲ್ಲಿ ಕಡಲೆ ಗಾತ್ರದ ಕೆಂಪು ದದ್ದು, ಮೇಲೆ ಸಣ್ಣ ಸಣ್ಣ ನೀರುಗುಳ್ಳೆ. ಈ ಮದ್ದು ತಡವಾಗಿಯೇ ತೋರಿಸೋದು.

ಈಗ ಕತೆ ಅರ್ಥ ಆಯ್ತು. ನೀರಿಂದ ಬಿರಿದ ಚರ್ಮಕ್ಕೆ ಮೆಡಿಕಲಿಂದ ತಂದ ಟ್ಯೂಬ್ ಹಚ್ಚಿ ಹಚ್ಚಿ ಅದಕ್ಕೇ ಅಲರ್ಜಿ, ಕೈ ಕಾಪಾಡ್ಲಿಕ್ಕೆ ಅಂತ ಹಾಕಿದ ರಬ್ಬರ್ ಗ್ಲೌಸಿಗೂ ಅಲರ್ಜಿ. ಒಂದು ಸಿಕ್ಕಿದ ಕೂಡ್ಲೆ ಹುಡುಕೋದು ನಿಲ್ಲಿಸಬಾರದು ಅಂತ ನಾನು ಹೇಳೋದು ಇದಕ್ಕೇ, ಕಜ್ಜಿ ಹಳತಾದಷ್ಟೂ ಹಚ್ಚಿದ್ದು ಜಾಸ್ತಿ, ಅಲರ್ಜಿಯೂ ಜಾಸ್ತಿ.

ನಿಕಲ್ ಎಲ್ಲಿಂದ ಅಂತ ಅವರ ಎದುರೇ ನೋಡಿದೆವು. ನಿಕಲ್ ಇದ್ರೆ ಗುಲಾಬಿ ಬಣ್ಣ ತೋರಿಸುವ ಡೈಮಿಥೈಲ್‌ಗ್ಲಯಾಕ್ಸಿಮ್, ಅಮೋನಿಯ ಎರಡೆರಡು ಹನಿ ಹತ್ತಿಕಡ್ಡಿಗೆ ಹಾಕಿ ಫ್ಯಾನ್ಸಿ ಬಳೆಗೆ ಉಜ್ಜಿದೆ, ಹತ್ತಿ ಗುಲಾಬಿ ಆಯ್ತು. ಕರಿಮಣಿಗೆ ಸಿಕ್ಕಿಸಿದ್ದ ಪಿನ್ನಿಗೂ ಹಾಗೇ. ಸುಲಿಯುವ ಕತ್ತಿಗೆ ಉಜ್ಜಿದ್ರೆ ಬಣ್ಣ ಬರ್ಲಿಲ್ಲ. ಅಕ್ಕನಿಗೆ ಅದೇ ದೊಡ್ಡ ಸಮಾಧಾನ, ಅಡಿಕೆ ಕೆಲಸ ಬಿಡ್ಬೇಕು ಅಂತ ಹೆದರಿದ್ರು.

ಗ್ಲೌಸ್ ವಿನೈಲ್ ಪ್ಲಾಸ್ಟಿಕಿನದ್ದು ಕೊಟ್ಟೆ, ಒಳಗೆ ಹತ್ತಿದ್ದು. ನೈಟ್ರೈಲ್ ಅನ್ನುವ ಕೃತಕ ರಬ್ಬರಿನದ್ದು ಕೊಡ್ಲಿಲ್ಲ, ಕೆಲವುದರಲ್ಲಿ ಥೈಯುರಾಮ್ ಜಾತಿಯ ಕೆಮಿಕಲ್ ಇರ್ತದೆ. ಕೈಗೆ ಪರಿಮಳ ಇಲ್ಲದ ವ್ಯಾಸಲೀನ್.

ಕೊನೆಗೆ ಒಂದು ಕಾರ್ಡ್. ಅಕ್ಕ ಕಲಿತದ್ದು ಕನ್ನಡ ಶಾಲೆ, ಮೆಡಿಕಲಿನವರು ಓದೋದು ಮಲಯಾಳ, ಇಂಗ್ಲಿಷ್. ಹಾಗಾಗಿ ಮೂರೂ ಭಾಷೆಯಲ್ಲಿ ಬರೆದೆ: ನಿಕಲ್, ಥೈಯುರಾಮ್, ನಿಯೋಮೈಸಿನ್, ಜೊತೆಗೆ ಅದರ ನೆಂಟರಾದ ಫ್ರಾಮೈಸಿಟಿನ್, ಜೆಂಟಾಮೈಸಿನ್ ಕೂಡ ಬೇಡ ಅಂತ. ಎರಡು ತಿಂಗಳಾದ ಮೇಲೆ ಬಂದಾಗ ಬೆರಳ ಸಂದಿ ಕೂಡಿತ್ತು. ಗಾಯಕ್ಕೆ ಅಂತ ಕೊಟ್ಟ ಟ್ಯೂಬನ್ನು ಕಾರ್ಡ್ ನೋಡಿ ಮೆಡಿಕಲಿನ ಹುಡುಗನೇ ವಾಪಸ್ ಇಟ್ಕೊಂಡ ಅಂತ ಹೇಳಿದ್ರು.