ಕೊಚ್ಚಿಗೆ ವಾರ ನೋಡಿ ಹೊರಡಿ

ಕೊಚ್ಚಿಯ ಹಳೆಯ ಬಂದರು ಭಾಗವಾದ ಫೋರ್ಟ್ ಕೊಚ್ಚಿ ಮತ್ತು ಮಟ್ಟಾಂಚೇರಿಯನ್ನು ನೋಡಬೇಕೆಂದಿರುವವರು ರೈಲು, ಹೋಟೆಲುಗಳನ್ನು ಕಾಯ್ದಿರಿಸುವ ಮೊದಲು ವಾರದ ಯಾವ ದಿನ ಹೋಗುವುದೆಂದು ತೀರ್ಮಾನಿಸಿಕೊಳ್ಳಬೇಕು. ಅಲ್ಲಿ ಒಂದೊಂದು ಸ್ಥಳಕ್ಕೆ ಒಂದೊಂದು ದಿನ ರಜೆ. ಮಟ್ಟಾಂಚೇರಿ ಅರಮನೆ ಶುಕ್ರವಾರ ತೆರೆಯುವುದಿಲ್ಲ. ಅದರ ಮಗ್ಗುಲಲ್ಲೇ ಇರುವ ಯೆಹೂದ್ಯರ ಪ್ರಾರ್ಥನಾ ಮಂದಿರ ಸಿನಗಾಗ್ ಶುಕ್ರವಾರ, ಶನಿವಾರ ಮತ್ತು ಅವರ ಹಬ್ಬದ ದಿನಗಳಲ್ಲಿ ಮುಚ್ಚಿರುತ್ತದೆ. ಭಾನುವಾರ ಬೆಳಿಗ್ಗೆ ಚರ್ಚುಗಳಲ್ಲಿ ಆರಾಧನೆ ನಡೆಯುತ್ತಿರುತ್ತದೆ. ಊರ ಹೊರಗಿನ ಹಿಲ್ ಪ್ಯಾಲೇಸ್ ವಸ್ತುಸಂಗ್ರಹಾಲಯಕ್ಕೆ ಸೋಮವಾರ ರಜೆ. ವಾರಾಂತ್ಯದ ಬಿಡುವನ್ನೇ ನಂಬಿಕೊಂಡು ಮೊದಲ ಸಲ ಶನಿವಾರ ಹೋಗಿದ್ದ ನಾನು ಸಿನಗಾಗಿನ ಗಡಿಯಾರ ಗೋಪುರವನ್ನು ಹೊರಗಿನಿಂದಲೇ ನೋಡಿ ಮರಳಿದ್ದೆ. ಆದ್ದರಿಂದ ಮಂಗಳವಾರದಿಂದ ಗುರುವಾರದೊಳಗಿನ ಒಂದು ದಿನವನ್ನು ಆರಿಸಿಕೊಳ್ಳುವುದೇ ಕ್ಷೇಮ.

ಮಂಗಳೂರಿನಿಂದ ಸಂಜೆಯ ರೈಲು ಹತ್ತಿದರೆ ಬೆಳಗಿನ ಜಾವಕ್ಕೆ ಕೊಚ್ಚಿಯ ರೈಲು ನಿಲ್ದಾಣಗಳಿರುವ ಎರ್ನಾಕುಲಂ ತಲುಪಬಹುದು. ಅಲ್ಲಿಂದ ಫೋರ್ಟ್ ಕೊಚ್ಚಿಗೆ ರಸ್ತೆಯೂ ಇದೆ, ಆದರೆ ಬಂದರನ್ನು ನೋಡಲು ಹೋಗುವವರು ನೀರಿನ ಮೇಲೆಯೇ ಹೋಗುವುದು ಚೆನ್ನ. ಸರ್ಕಾರಿ ಬೋಟುಗಳು ಎರ್ನಾಕುಲಂ ಜೆಟ್ಟಿಯಿಂದ ಹೊರಡುತ್ತವೆ. 2023ರಲ್ಲಿ ಆರಂಭವಾದ ವಾಟರ್ ಮೆಟ್ರೋದ ಹವಾನಿಯಂತ್ರಿತ ದೋಣಿಗಳು ಹೈಕೋರ್ಟ್ ನಿಲ್ದಾಣದಿಂದ ಸಿಗುತ್ತವೆ. ಬೇಗ ತಲುಪಿದವರು ಮೊದಲು ದಡದ ಚೀನಾ ಬಲೆಗಳ ಬಳಿ ಹೋಗಲಿ. ದಪ್ಪ ಮರದ ತೊಲೆಗಳ ಹಿಂತುದಿಯಲ್ಲಿ ಹಗ್ಗಕ್ಕೆ ಕಟ್ಟಿದ ಕಲ್ಲುಗಳೇ ಬಲೆಗೆ ಸಮತೂಕ. ನಾಲ್ಕೈದು ಮಂದಿ ಹಗ್ಗ ಜಗ್ಗಿದಾಗ ಅಷ್ಟು ದೊಡ್ಡ ಬಲೆ ನೀರಿನಿಂದ ಮೇಲೇಳುತ್ತದೆ.

ಹತ್ತು ಗಂಟೆಯ ಹೊತ್ತಿಗೆ ಮಟ್ಟಾಂಚೇರಿಯಲ್ಲಿರಬೇಕು, ಏಕೆಂದರೆ ಸಿನಗಾಗ್ ಮಧ್ಯಾಹ್ನ ಒಂದರಿಂದ ಮೂರರವರೆಗೆ ಮುಚ್ಚುತ್ತದೆ ಮತ್ತು ಅದಕ್ಕೂ ಮುನ್ನ ಅರಮನೆಗೆ ಕನಿಷ್ಠ ಒಂದೂವರೆ ಗಂಟೆಯನ್ನಾದರೂ ಕೊಡಬೇಕಾಗುತ್ತದೆ. ಪೋರ್ಚುಗೀಸರು 1555ರ ಸುಮಾರಿಗೆ ಕಟ್ಟಿಸಿ ಕೊಚ್ಚಿಯ ಅರಸನಿಗೆ ಕಾಣಿಕೆಯಾಗಿ ಕೊಟ್ಟ ಈ ಕಟ್ಟಡವನ್ನು ಆಮೇಲೆ ಡಚ್ಚರು ದುರಸ್ತಿ ಮಾಡಿದ್ದರಿಂದ ಊರವರ ಬಾಯಲ್ಲಿ ಅದು ಡಚ್ ಅರಮನೆಯಾಯಿತು. ಹೊರಗಿನಿಂದ ನೋಡಿದರೆ ಅರಮನೆಯೆಂದು ಅನಿಸುವುದೇ ಇಲ್ಲ. ನಡುವೆ ಅಂಗಳ, ಅಂಗಳದಲ್ಲಿ ಪಳಯನ್ನೂರು ಭಗವತಿಯ ಗುಡಿ, ಸುತ್ತ ನಾಲ್ಕು ಬದಿಗೂ ಕಟ್ಟಡ ಇರುವ ಕೇರಳದ ನಾಲುಕೆಟ್ಟು ಮನೆ ಅದು. ಪಲ್ಲಕ್ಕಿ, ಅಂಬಾರಿ, ಅರಸರ ಭಾವಚಿತ್ರಗಳನ್ನು ಬೇಗ ದಾಟಿದರೂ ನಷ್ಟವಿಲ್ಲ. ನಿಲ್ಲಬೇಕಾದದ್ದು ಅರಸನ ಶಯನಗೃಹದಲ್ಲಿ. ಅಲ್ಲಿನ ಗೋಡೆಗಳ ಮೇಲೆ ರಾಮಾಯಣವು ಪುತ್ರಕಾಮೇಷ್ಟಿಯಿಂದ ಹಿಡಿದು ರಾಮ ಅಯೋಧ್ಯೆಗೆ ಮರಳುವವರೆಗೆ ಗೆರೆ ಎಳೆದು ಬೇರ್ಪಡಿಸದೆ, ಒಂದು ದೃಶ್ಯದ ಮೈಗೆ ಇನ್ನೊಂದು ದೃಶ್ಯ ಅಂಟಿಕೊಂಡಂತೆ ಹರಡಿದೆ. ಕಥೆ ಗೊತ್ತಿರುವ ನಮಗೆ ಮಾರ್ಗದರ್ಶಿಯ ಅಗತ್ಯವಿಲ್ಲ. ಒಂದು ಮೂಲೆಯಿಂದ ಆರಂಭಿಸಿ ಪಾತ್ರಗಳನ್ನು ಗುರುತಿಸುತ್ತಾ ಹೋದರಾಯಿತು. ಹಾಗೆಯೇ ಕಾಲ ಕೆಳಗಿನ ನೆಲವನ್ನೂ ನೋಡಿ. ಕನ್ನಡಿಯಂತೆ ಹೊಳೆಯುವ ಕರಿಯ ಅಮೃತಶಿಲೆಯೆಂದು ಭ್ರಮೆ ಹುಟ್ಟಿಸುವ ಅದು ಸುಟ್ಟ ತೆಂಗಿನ ಚಿಪ್ಪು, ಇದ್ದಿಲು, ಸುಣ್ಣ, ಗಿಡಗಳ ರಸ ಮತ್ತು ಮೊಟ್ಟೆಯ ಲೋಳೆ ಬೆರೆಸಿ ತಿಕ್ಕಿದ ಗಾರೆ.

ಅಲ್ಲಿಂದ ಸಿನಗಾಗಿಗೆ ನಡೆದೇ ಹೋಗಬಹುದು. 1568ರಲ್ಲಿ ಕಟ್ಟಿದ ಈ ಮಂದಿರದ ನೆಲಕ್ಕೆ ಚೀನಾದಿಂದ ತರಿಸಿದ, ಕೈಯಲ್ಲೇ ನೀಲಿ ಬಣ್ಣದ ಚಿತ್ತಾರ ಬರೆದ ಬಿಳಿಯ ಹಂಚುಗಳನ್ನು ಹಾಸಿದ್ದಾರೆ. ಭುಜ, ಮೊಣಕಾಲು ಮುಚ್ಚುವ ಉಡುಪಿರಲಿ. ಪಾದರಕ್ಷೆಯನ್ನು ಹೊರಗೆ ಬಿಡಬೇಕು. ಬೀದಿಯ ಅಂಗಡಿಗಳಲ್ಲಿ ಹಳೆಯದೆಂದು ತೋರಿಸುವ ಹಿತ್ತಾಳೆ ಸಾಮಾನೆಲ್ಲ ಹಳೆಯದಲ್ಲ. ಕಡಿಮೆ ಬಾಡಿಗೆಗೆ ಊರು ಸುತ್ತಿಸುವೆನೆಂದು ಕರೆಯುವ ಆಟೊಗಳು ಅಂಗಡಿಗಳಲ್ಲೇ ಅರ್ಧ ದಿನ ಕಳೆಸಬಹುದು. ನೇರವಾಗಿ ಎಲ್ಲಿಗೆ ಹೋಗಬೇಕೋ ಅಲ್ಲಿಗಷ್ಟೇ ದರ ಮಾತಾಡಿಕೊಳ್ಳಿ.

ಊಟದ ನಂತರ ಫೋರ್ಟ್ ಕೊಚ್ಚಿಗೆ ಮರಳಿ ಸೇಂಟ್ ಫ್ರಾನ್ಸಿಸ್ ಚರ್ಚನ್ನು ನೋಡಬೇಕು. 1524ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡ ವಾಸ್ಕೊ ಡ ಗಾಮನನ್ನು ಮೊದಲು ಹೂಳಿದ್ದು ಇಲ್ಲಿಯೇ. ಅಸ್ಥಿಯನ್ನು ಆಮೇಲೆ ಪೋರ್ಚುಗಲ್ಲಿಗೆ ಒಯ್ದರಾದರೂ ಸಮಾಧಿಯ ಕಲ್ಲು ಉಳಿದಿದೆ. ಪೋರ್ಚುಗೀಸರ ಕೈಯಿಂದ ಡಚ್ಚರಿಗೆ, ಅವರಿಂದ ಇಂಗ್ಲಿಷರಿಗೆ ಹೋದ ಈ ಕಟ್ಟಡದ ಗೋಡೆಗಳಲ್ಲಿ ಪೋರ್ಚುಗೀಸರ ಮತ್ತು ಡಚ್ಚರ ಸಮಾಧಿಕಲ್ಲುಗಳನ್ನು ಎದುರುಬದುರಾಗಿ ನಿಲ್ಲಿಸಿದ್ದಾರೆ. ಮೇಲೆ ತೂಗುವ ಬಟ್ಟೆಯ ಪಂಖಗಳನ್ನು ಹಿಂದೆ ಆಳುಗಳು ಹೊರಗೆ ಕುಳಿತು ಹಗ್ಗದಿಂದ ಎಳೆಯುತ್ತಿದ್ದರು.

ಕೆಲವೇ ನಿಮಿಷಗಳ ನಡಿಗೆಯಲ್ಲಿ ಸಿಗುವ ಸಾಂತಾಕ್ರೂಸ್ ಬೆಸಿಲಿಕಾ ಎಂಬ ದೊಡ್ಡ ಚರ್ಚನ್ನು ಕನ್ನಡಿಗರು, ಅದರಲ್ಲೂ ಕರಾವಳಿಯವರು, ತಪ್ಪಿಸಬಾರದು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ಲಿನ ಗೋಡೆ, ಚಾವಣಿಗಳನ್ನು ಚಿತ್ರಗಳಿಂದ ತುಂಬಿದ ಇಟಲಿಯ ಆಂಟೊನಿಯೊ ಮೊಸ್ಕೆನಿಯೇ ಇಲ್ಲಿಯೂ ಬರೆದವನು. ಬೆಸಿಲಿಕಾದ ಪ್ರತಿಷ್ಠಾಪನೆಗೆ ಕೆಲವೇ ದಿನಗಳಿರುವಾಗ, 1905ರ ನವೆಂಬರಿನಲ್ಲಿ, ಆತ ಕೊಚ್ಚಿಯಲ್ಲೇ ತೀರಿಕೊಂಡ. ಮಂಗಳೂರಿನ ಚಾಪೆಲ್ಲನ್ನು ಮೊದಲು ನೋಡಿ ಹೋದವರಿಗೆ ಎರಡನ್ನೂ ಹೋಲಿಸುವ ಸುಖವಿದೆ.

ಇನ್ನೊಂದು ದಿನ ಕೈಯಲ್ಲಿದ್ದರೆ ತ್ರಿಪ್ಪೂಣಿತುರದ ಹಿಲ್ ಪ್ಯಾಲೇಸಿಗೆ ಅದನ್ನು ಮೀಸಲಿಡಬಹುದು. ಕೊಚ್ಚಿ ಅರಸರ ಚಿನ್ನದ ಕಿರೀಟ ಅಲ್ಲಿದೆ. ಮಧ್ಯಾಹ್ನ ಅಲ್ಲಿಯೂ ಬಾಗಿಲು ಹಾಕುತ್ತಾರಾದ್ದರಿಂದ ಬೆಳಿಗ್ಗೆಯೇ ಹೋಗಿ.