ಉಣ್ಣಲು ಹಟ ಮಾಡುವ ಕೂಸನ್ನು ರೊಟ್ಟಿ–ಪಲ್ಯಕ್ಕೆ ಹಚ್ಚಿದ ಬಗೆ

ಮೂರು–ನಾಲ್ಕು ವರ್ಷದ ಕೂಸು ಬಿಳಿ ಅನ್ನ, ಹಾಲು, ಬಿಸ್ಕಿಟು ಬಿಟ್ಟು ಬೇರೇನನ್ನೂ ಮುಟ್ಟದಿದ್ದರೆ ಮೊದಲು ಗಡಿಯಾರ ನೋಡಬೇಕು, ಅಡುಗೆಯ ಮಾತು ಆಮೇಲೆ. ಹಸಿವಿಲ್ಲದ ಬಾಯಿಗೆ ಎಂಥ ರುಚಿಯ ಪಲ್ಯ ಇಟ್ಟರೂ ಹೊರಗೇ ಬರುತ್ತದೆ. ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಮಗಳನ್ನು ಊಟಕ್ಕೆ ಹಚ್ಚಿದ್ದು ಇದೊಂದೇ ಎಳೆ ಹಿಡಿದು. ಮೊದಲು ಹೊಟ್ಟೆ ಹಸಿಯಬೇಕು, ಆಮೇಲೆ ತಾಟಿಗೆ ಪಲ್ಯ ಬೀಳಬೇಕು.

ಶುರು ಮಾಡುವ ಮುಂಚೆ ಕೂಸಿನ ತೂಕ ನೋಡಿ ತಾಯಿ ಕಾರ್ಡಿನ ಬೆಳವಣಿಗೆಯ ಗೆರೆಗೆ ಹೋಲಿಸಿ. ಮೊದಲ ವರ್ಷದಲ್ಲಿ ಕೂಸಿನ ತೂಕ ಹುಟ್ಟಿದಾಗಿನ ಮೂರು ಪಟ್ಟು ಆಗುತ್ತದೆ. ಎರಡು ವರ್ಷ ದಾಟಿದ ಮೇಲೆ ವರ್ಷಕ್ಕೆ ಸುಮಾರು ಎರಡು ಕಿಲೊ ಏರಿದರೂ ಸಾಕು. ಬೆಳವಣಿಗೆಯ ವೇಗ ಇಳಿದಾಗ ಹಸಿವೂ ಇಳಿಯುತ್ತದೆ. ‘ಮೊದಲ ಚೊಲೋ ಉಣ್ಣತಿತ್ತು, ಈಗ ಏನೂ ಉಣ್ಣಂಗಿಲ್ಲ’ ಎನ್ನುವ ಅರ್ಧ ದೂರುಗಳ ಮೂಲ ಇದೇ. ಗೆರೆ ತನ್ನ ಪಾಡಿಗೆ ಮೇಲೇರುತ್ತಿದ್ದರೆ ಗಾಬರಿ ಬೇಡ. ತೂಕ ನಿಂತಿದ್ದರೆ, ಇಳಿದಿದ್ದರೆ, ನುಂಗುವಾಗ ಪದೇ ಪದೇ ಕೆಮ್ಮಿದರೆ, ಮಣ್ಣು–ಬಳಪ ತಿನ್ನುತ್ತಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಮಣ್ಣು ತಿನ್ನುವುದು ಎಷ್ಟೋ ಸಲ ರಕ್ತ ಕಡಿಮೆಯಾಗಿರುವ ಸೂಚನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 67ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿದೆ. ಹಾಗಾಗಿ ‘ನಮ್ಮ ಕೂಸಿಗೆ ಇರಲಿಕ್ಕಿಲ್ಲ’ ಎಂದು ಬಿಡುವ ಮಾತಲ್ಲ. ಅಂಗನವಾಡಿಯಲ್ಲಿ ವರ್ಷಕ್ಕೆರಡು ಸಲ ಕೊಡುವ ಜಂತುಹುಳದ ಗುಳಿಗೆ ತಪ್ಪಿದೆಯೇ, ಮಲಬದ್ಧತೆ ಇದೆಯೇ ಎಂದೂ ನೋಡಿಕೊಳ್ಳಿ. ಮೂರು ದಿನಕ್ಕೊಮ್ಮೆ ಗಟ್ಟಿಯಾಗಿ ಹೋಗುವ ಕೂಸಿಗೆ ಹಸಿವಾಗುವುದೇ ಇಲ್ಲ.

ಇನ್ನು ಹಾಲು. ನಮ್ಮ ಕಡೆ ಹಾಲು ಕುಡಿದರೆ ಕೂಸು ಗಟ್ಟಿ ಎಂಬ ನಂಬಿಕೆ ಬೇರು ಬಿಟ್ಟಿದೆ. ಎದ್ದ ಕೂಡಲೇ ಒಂದು ದೊಡ್ಡ ಲೋಟ, ಹತ್ತಕ್ಕೆ ಇನ್ನೊಂದು, ಉಣ್ಣಲಿಲ್ಲವೆಂದು ಮಧ್ಯಾಹ್ನ ಮತ್ತೊಂದು, ಮಲಗುವಾಗ ಬಾಟಲಿ ಎಂದು ಕೂಡಿಸಿದರೆ ಒಂದು ಲೀಟರ್ ಹತ್ತಿರ ಹೋಗುತ್ತದೆ. ಒಂದು ಲೀಟರ್ ಆಕಳ ಹಾಲಿನಲ್ಲಿ ಸಕ್ಕರೆ ಬಿಟ್ಟೇ 600 ಕ್ಯಾಲರಿ ಮೀರಿ ಇರುತ್ತದೆ. ಒಂದರಿಂದ ಮೂರು ವರ್ಷದ ಕೂಸಿಗೆ ದಿನಕ್ಕೆ ಬೇಕಾದದ್ದು ಸುಮಾರು 1,100. ಅರ್ಧಕ್ಕಿಂತ ಹೆಚ್ಚು ಹೊಟ್ಟೆ ಹಾಲಿನಲ್ಲೇ ತುಂಬಿದರೆ ರೊಟ್ಟಿಗೆ ಜಾಗ ಎಲ್ಲಿ? ಮೇಲಾಗಿ ಹಾಲಿನಲ್ಲಿ ಕಬ್ಬಿಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ, ಬೇರೆ ಆಹಾರದ ಕಬ್ಬಿಣ ಮೈಗೆ ಹತ್ತುವುದನ್ನೂ ಅದು ತಗ್ಗಿಸುತ್ತದೆ. ದಿನಕ್ಕೆ ಅರ್ಧ ಲೀಟರ್ ಮೀರಬಾರದು. ನಾನು 300–400 ಮಿಲಿಗೆ ನಿಲ್ಲಿಸಿದೆ. ಅದೂ ಲೋಟದಲ್ಲಿ, ಊಟದ ಮುಂಚೆ ಅಲ್ಲ, ಊಟದ ಬೆನ್ನಿಗೆ. ಒಮ್ಮೆಲೇ ಕಡಿತ ಮಾಡಿದರೆ ರಂಪ ಹೆಚ್ಚು, ಎರಡು ದಿನಕ್ಕೊಮ್ಮೆ ಅರ್ಧ ಲೋಟದಂತೆ ಇಳಿಸುತ್ತ ಬಂದರೆ ನಡೆಯುತ್ತದೆ.

ಚಹಾ ಪೂರ್ತಿ ಬಂದ್. ಬಸಿಯಲ್ಲಿ ಎರಡು ಗುಟುಕು ಹಾಕಿ ಬಿಸ್ಕಿಟು ಅದ್ದಿ ತಿನ್ನಿಸುವುದು ಮುದ್ದಾಗಿ ಕಾಣುತ್ತದೆ, ಆದರೆ ಚಹಾದ ಒಗರು ಕಬ್ಬಿಣವನ್ನು ತಡೆಯುತ್ತದೆ. ನಾಲ್ಕು ಗ್ಲೂಕೋಸ್ ಬಿಸ್ಕಿಟಿನ ಸುಮಾರು 100 ಕ್ಯಾಲರಿ ಮಧ್ಯಾಹ್ನದ ಊಟವನ್ನೇ ನುಂಗಿಬಿಡುತ್ತದೆ.

ಹೊತ್ತುಗಳನ್ನು ಹೀಗೆ ಕಟ್ಟಿದೆ: ಏಳೂವರೆಗೆ ನಾಷ್ಟಾ, ಹತ್ತಕ್ಕೆ ಹಣ್ಣು, ಒಂದಕ್ಕೆ ಊಟ, ನಾಲ್ಕಕ್ಕೆ ತಿನಿಸು, ಏಳೂವರೆಗೆ ರಾತ್ರಿ ಊಟ. ನಡುವೆ ನೀರು ಮಾತ್ರ. ಎರಡೂವರೆ–ಮೂರು ತಾಸಿನ ಅಂತರ ಸಿಕ್ಕರೆ ಆ ವಯಸ್ಸಿನ ಹೊಟ್ಟೆ ಖಾಲಿಯಾಗುತ್ತದೆ. ಮೊದಲ ನಾಲ್ಕೈದು ದಿನ ಹಟ ಜೋರು. ಆಗ ಒಂದು ಚೂರು ಚಕ್ಕುಲಿ ಕೊಟ್ಟು ಸಮಾಧಾನ ಮಾಡಿದರೂ ಲೆಕ್ಕ ಮೊದಲಿನಿಂದ ಶುರು.

ಇಲ್ಲಿ ಮನೆಯ ಹಿರಿಯರದೇ ದೊಡ್ಡ ಪಾತ್ರ. ‘ಕೂಸು ಉಪಾಸ ಮಲಗೇತಿ, ನಿನಗ ಕರುಳು ಚುರ್ ಅನ್ನಂಗಿಲ್ಲೇನವಾ’ ಎಂದು ಅತ್ತೆ ಕಣ್ಣೀರು ತೆಗೆದರೆ ಯಾವ ವೇಳಾಪಟ್ಟಿಯೂ ನಿಲ್ಲುವುದಿಲ್ಲ. ಬೇಡ ಎನ್ನುವ ಬದಲು ಕೆಲಸ ಒಪ್ಪಿಸುವುದು ಲೇಸು: ‘ಅತ್ತಿ, ನಾಕ ಗಂಟೇದ್ದು ಪೂರ್ತಿ ನಿಮ್ದರಿ. ಪೇರಲಣ್ಣರ ಕೊಡ್ರಿ, ಶೇಂಗಾ ಉಂಡಿಯರ ಕೊಡ್ರಿ, ನಾಕಕ್ಕ ಕೊಡ್ರಿ.’ ಅಜ್ಜಿಯ ಕೈಗೆ ಒಂದು ಹೊತ್ತು ಪೂರ್ತಿ ಬಿಟ್ಟರೆ ಉಳಿದ ಹೊತ್ತುಗಳು ತಾನೇ ಹದಕ್ಕೆ ಬರುತ್ತವೆ.

ತಾಟಿನಲ್ಲಿ ಎಷ್ಟು ಹಾಕಬೇಕು? ವರ್ಷಕ್ಕೊಂದು ದೊಡ್ಡ ಚಮಚ ಎಂಬುದು ನಂಬಬಹುದಾದ ಅಳತೆ. ಮೂರು ವರ್ಷದ ಕೂಸಿಗೆ ಮೂರು ಚಮಚ ಅನ್ನ, ಮೂರು ಚಮಚ ಬೇಳೆ. ಹೊಸ ಪಲ್ಯ ಒಂದೇ ಸಣ್ಣ ಚಮಚ, ತಾಟಿನ ಅಂಚಿಗೆ. ಕೂಸು ಖಂಡಿತ ತಿನ್ನುವ ಪದಾರ್ಥ ಒಂದಾದರೂ ಪಕ್ಕದಲ್ಲಿರಲಿ. ಉಳಿದದ್ದು ಎಲ್ಲರಿಗೂ ಮಾಡಿದ ಅಡುಗೆಯೇ. ಬೇರೆ ಮ್ಯಾಗಿ, ಬೇರೆ ದೋಸೆ ಇಲ್ಲ. ಏನು, ಯಾವಾಗ, ಎಲ್ಲಿ ಎಂಬುದು ನಮ್ಮ ಕೈಯಲ್ಲಿ. ಎಷ್ಟು ಎಂಬುದು ಕೂಸಿನ ಕೈಯಲ್ಲಿ. ಇಪ್ಪತ್ತು–ಇಪ್ಪತ್ತೈದು ನಿಮಿಷ ಕೂತ ಮೇಲೆ ತಾಟು ಎತ್ತಬೇಕು, ಮುಖ ಸಿಂಡರಿಸದೆ, ಮಾತಾಡದೆ. ‘ಪಲ್ಯ ತಿಂದ್ರ ಪೇಡೆ ಕೊಡ್ತೇನಿ’ ಎಂದರೆ ಪಲ್ಯ ಶಿಕ್ಷೆ, ಪೇಡೆ ಬಹುಮಾನ ಎಂದು ನಾವೇ ಕಲಿಸಿದಂತೆ. ಮೊಬೈಲ್ ಹಚ್ಚಿ ಉಣಿಸಿದರೆ ತಾಟು ಖಾಲಿಯಾಗುವುದು ನಿಜ. ಆದರೆ ಕೂಸಿಗೆ ರುಚಿಯೂ ತಿಳಿಯುವುದಿಲ್ಲ, ಹೊಟ್ಟೆ ತುಂಬಿದ್ದೂ ತಿಳಿಯುವುದಿಲ್ಲ.

ಹೊಸ ರುಚಿಗೆ ಹತ್ತು–ಹದಿನೈದು ಸಲ ಹಿಡಿಯುವುದು ಮಾಮೂಲಿ. ಹೆಚ್ಚಿನ ಮನೆಗಳಲ್ಲಿ ಮೂರನೆಯ ಸಲಕ್ಕೇ ‘ಇದಕ್ಕ ಸೇರಂಗಿಲ್ಲ’ ಎಂದು ಕೈಬಿಡುತ್ತಾರೆ. ತಿನ್ನುವುದಕ್ಕಿಂತ ಮುಂಚಿನ ಮೆಟ್ಟಿಲುಗಳನ್ನು ಲೆಕ್ಕಕ್ಕೆ ಹಿಡಿಯದ್ದರಿಂದ ಹೀಗಾಗುತ್ತದೆ. ಕೋಸಂಬರಿಯ ಜವಾರಿ ಸೌತಿಕಾಯಿಯನ್ನೇ ನೋಡಿ. ಮೊದಲು ಕೂಸು ಅದನ್ನು ತಾಟಿನಿಂದ ಹೊರಗೆ ದೂಡುತ್ತದೆ. ಆಮೇಲೆ ಎರಡು ಬೆರಳಲ್ಲಿ ಹಿಡಿದು ಹಿಸುಕುತ್ತದೆ, ಮೂಸುತ್ತದೆ, ನಾಲಿಗೆ ತುದಿ ತಾಗಿಸಿ ನಮ್ಮ ಮುಖ ನೋಡುತ್ತದೆ. ಇನ್ನೊಂದು ದಿನ ಕಚ್ಚಿ ಉಗುಳುತ್ತದೆ. ಉಗುಳಿದ್ದೂ ಮುಂದಿನ ಹೆಜ್ಜೆಯೇ. ಬೈದರೆ ಅಲ್ಲಿಗೆ ನಿಂತಿತು. ಸೌತಿಕಾಯಿ ತೊಳೆಯಲು, ಮೆಂತೆ ಎಲೆ ಬಿಡಿಸಲು ಕೂಸನ್ನು ಜೊತೆಗೆ ಕೂರಿಸಿಕೊಂಡರೆ ಮುಟ್ಟುವ, ಮೂಸುವ ಮೆಟ್ಟಿಲು ಅಡುಗೆಮನೆಯಲ್ಲೇ ದಾಟುತ್ತದೆ.

ನಮ್ಮ ಭಾಗದ ಅಡುಗೆಗೆ ಒಂದು ತೊಡಕಿದೆ, ಅದು ಖಾರ. ಕೂಸು ಪಲ್ಯ ಬೇಡ ಎನ್ನುವುದು ಎಷ್ಟೋ ಸಲ ತರಕಾರಿಗಲ್ಲ, ಮಸಾಲಿ ಖಾರಕ್ಕೆ. ಮಸಾಲಿ ಖಾರ ಹಾಕುವ ಮುಂಚೆ ಕೂಸಿನ ಪಾಲು ಒಂದು ಬಟ್ಟಲಿಗೆ ತೆಗೆಯಿರಿ. ಬಣ್ಣಕ್ಕೆ ಬ್ಯಾಡಗಿ ಮೆಣಸಿನಪುಡಿ ಚಿಟಿಕೆ ಹಾಕಿ. 2011ರಲ್ಲಿ ಭೌಗೋಳಿಕ ಸೂಚಕ ಮನ್ನಣೆ ಪಡೆದ ಹಾವೇರಿ ಸೀಮೆಯ ಈ ಮೆಣಸಿನಕಾಯಿಯಲ್ಲಿ ಕೆಂಪು ಹೆಚ್ಚು, ಖಾರ ಕಡಿಮೆ. ದೊಡ್ಡವರ ತಾಟಿನ ಬಣ್ಣವೇ ತನ್ನ ತಾಟಿನಲ್ಲೂ ಇದ್ದರೆ ಕೂಸಿನ ಅನುಮಾನ ಕಡಿಮೆಯಾಗುತ್ತದೆ. ತಿಂಗಳಿಗೊಮ್ಮೆ ಖಾರ ಒಂದು ಎಳೆ ಏರಿಸುತ್ತ ಹೋಗಿ.

ಪಲ್ಯಗಳಲ್ಲಿ ಮೊದಲು ಹಿಡಿಯಬೇಕಾದದ್ದು ಮೊಳಕೆ ಬಂದ ಮಡಕಿ ಕಾಳು. ಅರ್ಧ ಬಟ್ಟಲು ಮಡಕಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಪೂರ್ತಿ ಬಸಿದು ಒದ್ದೆ ಅರಿವೆಯಲ್ಲಿ ಸಡಿಲವಾಗಿ ಕಟ್ಟಿಡಿ. ಬೇಸಿಗೆಯಲ್ಲಿ ಹನ್ನೆರಡು ತಾಸು, ಚಳಿಗಾಲದಲ್ಲಿ ಇಡೀ ದಿನ. ಲೋಳೆಯಾಗಿ ನಾತ ಬಂದರೆ ನೀರು ಉಳಿದಿದೆ, ಇಲ್ಲವೇ ಗಂಟು ಬಿಗಿಯಾಗಿ ಗಾಳಿಯಾಡಿಲ್ಲ. ಅದನ್ನು ಚೆಲ್ಲಿಬಿಡಿ. ಕುಕ್ಕರಿನಲ್ಲಿ ಎರಡು ಸೀಟಿ ಬೇಯಿಸಿ, ಸೌಟಿನ ಬೆನ್ನಿಂದ ಅರ್ಧ ಕಾಳು ಒಡೆದು, ಜೀರಿಗೆ, ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ, ಅರಿಷಿಣದ ಒಗ್ಗರಣೆ ಕೊಟ್ಟು ಕಡಲೆ ಗಾತ್ರದ ಬೆಲ್ಲ ಹಾಕಿ. ಇಳಿಸಿದ ಮೇಲೆ ಅರ್ಧ ಹೋಳು ನಿಂಬೆ ಹಿಂಡಿ. ನಿಂಬೆಯ ಸಿ ಜೀವಸತ್ವ ಇದ್ದರೆ ಕಾಳಿನ ಕಬ್ಬಿಣ ಮೈಗೆ ಹೆಚ್ಚು ಹತ್ತುತ್ತದೆ. ಇದೇ ಕಾರಣಕ್ಕೆ ಊಟದ ಹಿಂದೆ ಪೇರಲದ ಹೋಳು ಒಳ್ಳೆಯದು.

ಸೊಪ್ಪಿಗೆ ಮುದ್ದಿಪಲ್ಯವೇ ದಾರಿ, ಅಂದರೆ ಬೇಳೆ–ನುಚ್ಚಿನ ಜೊತೆ ಸೊಪ್ಪು ಮೆತ್ತಗೆ ಬೇಯಿಸಿದ ಪಲ್ಯ. ಅರ್ಧ ಬಟ್ಟಲು ತೊಗರಿಬೇಳೆ, ಒಂದು ಹಿಡಿ ಅಕ್ಕಿ ನುಚ್ಚು, ಒಂದು ಮುಷ್ಟಿ ಪಾಲಕ್ ಅಥವಾ ರಾಜಗಿರಿಯಿಂದ ಶುರು ಮಾಡಿ. ಕೂಸು ಒಪ್ಪಿಕೊಂಡ ಮೇಲೆ ಕಾಲು ಪಾಲು ಮೆಂತೆ ಬೆರೆಸಿ, ನಿಧಾನಕ್ಕೆ ಅರ್ಧಕ್ಕೆ ತನ್ನಿ. ನೇರ ಮೆಂತೆಯಿಂದ ಶುರು ಮಾಡಿದರೆ ಕಹಿ ನೆನಪಿಟ್ಟುಕೊಂಡು ಹಸಿರು ಕಂಡರೇ ಮುಖ ತಿರುಗಿಸುತ್ತದೆ. ಸೊಪ್ಪನ್ನು ರುಬ್ಬಿ ಗೊತ್ತಾಗದಂತೆ ಬೆರೆಸುವುದರ ಮೇಲೆ ನನಗೆ ನಂಬಿಕೆ ಇಲ್ಲ. ಆ ಹೊತ್ತಿಗೆ ಹೊಟ್ಟೆಗೆ ಹೋಗುತ್ತದೆ ಹೊರತು ಸೊಪ್ಪು ತಿನ್ನುವುದು ರೂಢಿಯಾಗುವುದಿಲ್ಲ. ಒಮ್ಮೆ ಪತ್ತೆ ಹಚ್ಚಿದರೆ ಅದುವರೆಗೆ ತಿನ್ನುತ್ತಿದ್ದದ್ದನ್ನೂ ಬಿಡುತ್ತದೆ.

ರೊಟ್ಟಿ ಒಲ್ಲೆ ಎನ್ನಲು ಕಾರಣ ಸಾಮಾನ್ಯವಾಗಿ ಗಟ್ಟಿತನ. ಹಾಲು ಹಲ್ಲಿಗೆ ಆರಿದ ಜೋಳದ ರೊಟ್ಟಿ ಭಾರವೇ. ನಿಂಬೆ ಗಾತ್ರದ ಹಿಟ್ಟಿನಲ್ಲಿ ಅಂಗೈಯಗಲದ ರೊಟ್ಟಿ ಬೇರೆ ಬಡಿಯಿರಿ, ತವೆಯಿಂದ ಇಳಿಸಿದ ಕೂಡಲೇ ತುಪ್ಪ ಸವರಿ ಬಟ್ಟೆಯಲ್ಲಿ ಮುಚ್ಚಿಡಿ. ಹಿಟ್ಟಿಗೆ ಕುದಿಯುವ ಎಸರೇ ಬೇಕು, ತಣ್ಣೀರಿನಲ್ಲಿ ನಾದಿದರೆ ಅಂಚು ಒಡೆದು ಒರಟಾಗುತ್ತದೆ. ಗಿರಣಿಯಿಂದ ತಂದು ಬಹಳ ದಿನವಾದ ಹಿಟ್ಟೂ ಜಿಗುಟು ಕಳೆದುಕೊಂಡಿರುತ್ತದೆ.

ರೊಟ್ಟಿಯ ಜೊತೆಗೆ ಶೇಂಗಾ ಹಿಂಡಿ. ಒಂದು ಬಟ್ಟಲು ಶೇಂಗಾ ಹುರಿದು ಸಿಪ್ಪೆ ತೆಗೆದು, ಐದಾರು ಎಸಳು ಬೆಳ್ಳುಳ್ಳಿ, ಅರ್ಧ ಚಮಚ ಜೀರಿಗೆ, ಬೀಜ ತೆಗೆದ ಎರಡು ಬ್ಯಾಡಗಿ, ರುಚಿಗೆ ಉಪ್ಪು ಹಾಕಿ ಕುಟ್ಟಬೇಕು. ಮಿಕ್ಸರಿನಲ್ಲಾದರೆ ತಡೆತಡೆದು ತಿರುವಿ, ಇಲ್ಲದಿದ್ದರೆ ಎಣ್ಣೆ ಬಿಟ್ಟು ಉಂಡೆಯಾಗುತ್ತದೆ. ಕಪ್ಪಾದ, ಮುರುಟಿದ, ಕಹಿ ಕಾಳುಗಳನ್ನು ಮೊದಲೇ ಆರಿಸಿ ತೆಗೆಯಿರಿ, ಬೂಷ್ಟಿನ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ಒಂದು ಚಮಚ ಹಿಂಡಿಗೆ ಎರಡು ಚಮಚ ಕೆನೆ ಮೊಸರು ಕಲಸಿ ತಾಟಿಗೆ ಹಾಕಿದರೆ ಕೂಸು ಮೊದಲು ಬೆರಳಲ್ಲಿ ನೆಕ್ಕುತ್ತದೆ, ಆಮೇಲೆ ರೊಟ್ಟಿಯಲ್ಲಿ ಅದ್ದುತ್ತದೆ. ಶೇಂಗಾ ಬಾಯಿ ಕೆರೆತ, ದದ್ದು ತರುತ್ತದೆಯೇ ಎಂದು ಮೊದಲ ಸಲ ಸ್ವಲ್ಪವೇ ಕೊಟ್ಟು ನೋಡಿ. ನಾಲ್ಕು ವರ್ಷದೊಳಗಿನ ಕೂಸಿಗೆ ಇಡೀ ಶೇಂಗಾ, ಪುಠಾಣಿ (ಹುರಿಗಡಲೆ), ಇಡೀ ದ್ರಾಕ್ಷಿ, ಹಸಿ ಗಜ್ಜರಿಯ (ಕ್ಯಾರೆಟ್) ತುಂಡು ಎಂದೂ ಕೊಡಬಾರದು, ಶ್ವಾಸನಾಳಕ್ಕೆ ಸಿಕ್ಕಿಕೊಳ್ಳುತ್ತವೆ. ಶೇಂಗಾ ಉಂಡಿಯನ್ನೂ ಪುಡಿಯಿಂದಲೇ ಕಟ್ಟಬೇಕು. ಗಜ್ಜರಿ ಹೆರೆದು, ದ್ರಾಕ್ಷಿ ಉದ್ದಕ್ಕೆ ನಾಲ್ಕು ಸೀಳಿ ಕೊಡಿ.

ಬಾಲವಾಡಿಯ ಡಬ್ಬಿಗೆ ತಾಲಿಪಟ್ಟಿ ಹೊಂದುತ್ತದೆ. ಜೋಳದ ಹಿಟ್ಟು ಒಂದು ಬಟ್ಟಲು, ಗೋಧಿ ಹಿಟ್ಟು ಮತ್ತು ಕಡಲಿ ಹಿಟ್ಟು ಕಾಲು ಕಾಲು ಬಟ್ಟಲು, ಹೆರೆದ ಸೌತಿಕಾಯಿ ಅರ್ಧ ಬಟ್ಟಲು, ಹೆಚ್ಚಿದ ಸಬ್ಬಸಗಿ ಒಂದು ಹಿಡಿ, ಎಳ್ಳು ಒಂದು ಚಮಚ. ಸೌತಿಕಾಯಿ ನೀರು ಬಿಡುವುದರಿಂದ ಉಪ್ಪು ಹಾಕಿ ಐದು ನಿಮಿಷ ಬಿಟ್ಟು, ಆಮೇಲೆ ನೀರು ಬೇಕೋ ಬೇಡವೋ ನೋಡಿ. ಸಣ್ಣ ಉರಿಯಲ್ಲಿ ಮುಚ್ಚಿ ಬೇಯಿಸದಿದ್ದರೆ ಕಡಲಿ ಹಿಟ್ಟು ಒಳಗೆ ಹಸಿಯಾಗಿ ಉಳಿದು ಹೊಟ್ಟೆ ನೋವು ತರುತ್ತದೆ. ಡಬ್ಬಿಗೆ ಬಿಸಿಬಿಸಿ ಹಾಕಿ ಮುಚ್ಚಬೇಡಿ. ಹಬೆ ನೀರಾಗಿ ಮುಚ್ಚಳಕ್ಕೆ ಹಿಡಿದು, ಮಧ್ಯಾಹ್ನ ಕೂಸು ತೆರೆಯುವ ಹೊತ್ತಿಗೆ ತಾಲಿಪಟ್ಟಿ ಒದ್ದೆಯಾಗಿರುತ್ತದೆ. ಬಾಕಿ ಉಳಿದು ಬಂದ ಡಬ್ಬಿಯನ್ನು ಸಂಜೆ ತೆರೆದು ನೋಡಿ. ಅಂಚು ಮಾತ್ರ ಬಿಟ್ಟಿದ್ದರೆ ಅದು ಗಟ್ಟಿಯಾಗಿತ್ತು, ಒಂದೇ ತುತ್ತು ಕಡಿದು ಬಿಟ್ಟಿದ್ದರೆ ಉಪ್ಪು–ಖಾರ ತಪ್ಪಿತ್ತು, ಮುಟ್ಟೇ ಇಲ್ಲವಾದರೆ ಹತ್ತು ಗಂಟೆಗೆ ಯಾರೋ ಬಿಸ್ಕಿಟು ಕೊಟ್ಟಿದ್ದಾರೆಯೇ ಎಂದು ಟೀಚರನ್ನು ಕೇಳಿ.