ಹಳೇ ಪಿಕಪ್‌ನ ಸ್ಪೀಡೋಮೀಟರ್ ಕೆಟ್ಟಿದ್ಯಾ? ಮೊದಲು ಕಿಲೋಮೀಟರ್ ಅಂಕಿ ನೋಡಿ

ಮುಳ್ಳು ಸೊನ್ನೆ ಬಿಟ್ಟು ಏಳುತ್ತಿಲ್ಲ ಅಂದ ತಕ್ಷಣ ಹೊಸ ಮೀಟರ್ ಹುಡುಕಲು ಹೋಗಬೇಡಿ. ಸ್ವಲ್ಪ ದೂರ ಓಡಿಸಿ, ಕಿಲೋಮೀಟರ್ ಅಂಕಿ ಮುಂದೆ ಹೋಗುತ್ತಾ ನೋಡಿ. ಅಂಕಿ ಓಡುತ್ತಿದೆ, ಮುಳ್ಳು ಮಾತ್ರ ಸುಮ್ನೆ ಬಿದ್ದಿದೆ ಅಂದರೆ ಗೇರ್‌ಬಾಕ್ಸ್‌ನಿಂದ ಬಂದು ಮೀಟರನ್ನು ತಿರುಗಿಸುವ ಕೇಬಲ್ ಚೆನ್ನಾಗಿದೆ, ಕೆಟ್ಟಿರುವುದು ಮೀಟರ್. ಎರಡೂ ನಿಂತಿದ್ದರೆ ನನ್ನ ಅನುಮಾನ ಮೊದಲು ಕೇಬಲ್ ಮೇಲೆ, ಆಮೇಲೆ ಗೇರ್‌ಬಾಕ್ಸ್ ಕಡೆಯ ಚಿಕ್ಕ ಗೇರ್ ಮೇಲೆ.

ಮೀಟರ್ ಹಿಂದಿನಿಂದ ಕೇಬಲ್ ಬಿಚ್ಚಿ. ಸಮತಟ್ಟಾದ ಜಾಗದಲ್ಲಿ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ, ಯಾರಿಗಾದರೂ ಮೆಲ್ಲಗೆ ತಳ್ಳಲು ಹೇಳಿ, ನೀವು ಒಳಗೆ ಕೂತು ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಕೇಬಲ್ ತುದಿಯ ತಂತಿ ತಿರುಗುತ್ತಾ ನೋಡುತ್ತಿರಿ. ತಿರುಗದಿದ್ದರೆ ತಂತಿಯನ್ನು ಎಳೆದು ನೋಡಿ, ತುಂಡಾಗಿದ್ದರೆ ಅರ್ಧವೇ ಕೈಗೆ ಬರುತ್ತದೆ. ತಂತಿ ಸರಿಯಿದ್ದರೆ ಇನ್ನೊಂದು ತುದಿಯನ್ನು ಗೇರ್‌ಬಾಕ್ಸ್‌ನಿಂದ ಬಿಚ್ಚಿ ಗೇರ್ ಹೊರಗೆ ತೆಗೆಯಿರಿ. ಆಯಿಲ್ ಸುರಿಯಬಹುದು, ಕೆಳಗೆ ಒಂದು ಡಬ್ಬ ಇಡಿ. ಈ ಗೇರ್ ಹೆಚ್ಚಾಗಿ ಪ್ಲಾಸ್ಟಿಕ್‌ದು, ಹಲ್ಲು ಸವೆದು ಹೋಗಿರುತ್ತದೆ. ಹೊಸದು ತರುವ ಮೊದಲು ಹಳೆಯದರ ಹಲ್ಲು ಎಣಿಸಿ, ದಯವಿಟ್ಟು ಎಣಿಸಿ: 20 ಹಲ್ಲಿನದರ ಬದಲು 19ರದು ಹಾಕಿದರೆ ಮುಳ್ಳು ಸುಮಾರು 5% ಜಾಸ್ತಿ ತೋರಿಸುತ್ತದೆ.

ಮುಳ್ಳು ಕುಣಿಯುತ್ತಿದ್ದರೆ, ಜೊತೆಗೆ ಕಿರ್ರ್ ಅನ್ನುವ ಸದ್ದೂ ಇದ್ದರೆ, ತಂತಿ ಒಣಗಿದೆ ಇಲ್ಲವೇ ಕೇಬಲ್ ಎಲ್ಲೋ ಜೋರಾಗಿ ಬಗ್ಗಿದೆ. ತಂತಿ ಹೊರಗೆಳೆದು ಒರೆಸಿ, ತೆಳ್ಳಗೆ ಗ್ರೀಸ್ ಹಚ್ಚಿ. ಮೀಟರ್ ಕಡೆಯ ಒಂದು ಗೇಣು ಮಾತ್ರ ಒಣಗಿದಂತೆಯೇ ಬಿಡಿ. ತಂತಿ ತಿರುಗುತ್ತಾ ಗ್ರೀಸ್ ಮೇಲಕ್ಕೆ ಹತ್ತುತ್ತದೆ, ಮೀಟರ್ ಒಳಗೆ ಹೋದರೆ ಅದನ್ನೂ ಹಾಳು ಮಾಡುತ್ತದೆ.

ಕೇಬಲ್ ಇಲ್ಲದ, ವೇಗ ಅಳೆಯುವ ಸೆನ್ಸರ್ ಇರುವ ಗಾಡಿಯಾದರೆ ಫ್ಯೂಸ್ ನೋಡಿ, ಆಮೇಲೆ ಗೇರ್‌ಬಾಕ್ಸ್ ಅಥವಾ ಹಿಂದಿನ ಆಕ್ಸಲ್ ಮೇಲಿರುವ ಸೆನ್ಸರ್ ಬಿಚ್ಚಿ. ಅಯಸ್ಕಾಂತವಿರುವ ತುದಿಗೆ ಕಬ್ಬಿಣದ ಪುಡಿ ಅಂಟಿಕೊಂಡಿರುತ್ತದೆ, ಒರೆಸಿದರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಕನೆಕ್ಟರ್‌ನಲ್ಲಿ ಕಿಲುಬು ಹಿಡಿದಿದ್ದರೆ ಅದನ್ನೂ ಉಜ್ಜಿ.

ಇನ್ನು, ಮುಳ್ಳು ಚೆನ್ನಾಗಿ ಏಳುತ್ತದೆ, ವೇಗ ಮಾತ್ರ ಯಾವಾಗಲೂ ತಪ್ಪು ಅನ್ನಿಸಿದರೆ ಟೈರ್ ಸೈಜ್ ನೋಡಿ. ಮೊದಲಿಗಿಂತ 10% ಎತ್ತರದ ಟೈರ್ ಹಾಕಿದ್ದರೆ ಮೀಟರ್ 60 ತೋರಿಸುವಾಗ ನೀವು 66ರಲ್ಲಿ ಹೋಗುತ್ತಿರುತ್ತೀರಿ, ಇದು ಅಪಾಯ ಅಲ್ವಾ? ನೇರ ರಸ್ತೆಯಲ್ಲಿ ಒಂದೇ ವೇಗದಲ್ಲಿ ಓಡಿಸುತ್ತಾ, ಪಕ್ಕದಲ್ಲಿ ಕೂತವರಿಗೆ ಮೊಬೈಲ್‌ನ ಜಿಪಿಎಸ್ ವೇಗ ಓದಲು ಹೇಳಿ. ನೀವು ರಸ್ತೆ ನೋಡಿ.